ವಿಷ ಹಾಕದ ತೊಟ್ಟಿ

ಬೆಳಗಿನ ಜಾವ. ನಡುಮನೆಯಲ್ಲಿ ಇನ್ನೂ ದೀಪ ಹಾಕಿಲ್ಲ. ಆಕೆ ಬರಿಗಾಲಲ್ಲಿ, ಗೋಡೆ ಸವರಿಕೊಂಡು, ಅಡುಗೆಮನೆಗೆ ನುಗ್ಗುವ ಬೆಕ್ಕಿನಷ್ಟು ನಾಜೂಕಾಗಿ ಒಳಗೆ ಬರುತ್ತಾರೆ. ಕೈಯಲ್ಲಿರುವ ಟಾರ್ಚಿಗೆ ಹಳೆಯ ಕರವಸ್ತ್ರ ಸುತ್ತಿದ್ದಾರೆ. ಬೆಳಕು ನೇರವಾಗಿ ಬಿದ್ದರೆ ಮೀನು ಬೆಚ್ಚುತ್ತದೆ, ಮೀನು ಬೆಚ್ಚಿದರೆ ಉಸಿರಿನ ಲೆಕ್ಕ ತಪ್ಪುತ್ತದೆ. ಪತ್ರಿಕೆಗೆ ಬರೆಯಲು ಬಂದಿರುವ ನನಗೂ ಬಾಗಿಲಲ್ಲೇ ತಾಕೀತಾಗಿದೆ. ಕೆಮ್ಮುವಂತಿಲ್ಲ, ಗಾಜಿಗೆ ಒರಗುವಂತಿಲ್ಲ, ಸೆಂಟು ಪೂಸಿಕೊಂಡಿದ್ದರೆ ಹೊಸ್ತಿಲು ದಾಟುವಂತಿಲ್ಲ. ಕೆಲಸದ ಸಂದರ್ಶನಕ್ಕೆ ಹೋದಾಗಲೂ ನಾನು ಇಷ್ಟು ಮೈ ಬಿಗಿಹಿಡಿದು ಕುಳಿತಿರಲಿಲ್ಲ.

ಬೇರೆ ಮನೆಗಳಲ್ಲಿ ಸೋಫಾ ಇರುವ ಜಾಗದಲ್ಲಿ ಇಲ್ಲಿ ಗಾಜಿನ ತೊಟ್ಟಿ ಇದೆ. ಒಳಗೆ ಬೆರಳುದ್ದದ ಹತ್ತು ಗೆಂಡೆ ಮೀನಿನ ಮರಿಗಳು. ಆಕೆ ಮೊಣಕಾಲೂರಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಕುಳಿತು, ಕೊರಳಲ್ಲಿ ನೇತಾಡುವ ಓಟದ ಪಂದ್ಯದ ಗಡಿಯಾರವನ್ನು ಒತ್ತುತ್ತಾರೆ. ಮೀನಿನ ಕಿವಿರಿನ ಮುಚ್ಚಳ ನಿಮಿಷಕ್ಕೆ ಎಷ್ಟು ಸಲ ತೆರೆದು ಮುಚ್ಚುತ್ತದೆ ಎಂದು ತುಟಿ ಅಲ್ಲಾಡಿಸುತ್ತಾ ಎಣಿಸುತ್ತಾರೆ. ಉಸಿರು ಜೋರಾದರೆ ನೀರಿನಲ್ಲಿ ಏನೋ ಇದೆ ಎಂದರ್ಥ. ತೀರಾ ನಿಧಾನವಾದರೂ ಅಷ್ಟೇ. ಒಂದು ಮೀನು ಮುಗಿಯಿತು, ಇನ್ನೊಂದು. ಅದು ಓಡಿಹೋಯಿತು, ಮತ್ತೆ ಮೊದಲಿನಿಂದ.

“ಎಲ್ಲಾರೂ ಇದ್ದಾರೆ,” ಎನ್ನುತ್ತಾರೆ ಕೊನೆಗೆ, ಮಂಡಿ ಹಿಡಿದುಕೊಂಡು ಏಳುತ್ತಾ. ಈ ಹಿರಿಯ ಜೀವ ಮೀನಿಗೂ ಬಹುವಚನದ ಮರ್ಯಾದೆ ತಪ್ಪಿಸುವುದಿಲ್ಲ.

ಆಕೆ ವಿಜ್ಞಾನಿ. ನೀರಿಗೆ ಸೇರಿದ ವಿಷ ನೀರೊಳಗಿನ ಜೀವಕ್ಕೆ ಏನು ಮಾಡುತ್ತದೆ ಎಂದು ತಿಳಿಯುವುದೇ ಆಕೆಯ ಶಾಸ್ತ್ರ. ಕಾಲೇಜಿನಲ್ಲಿ ಮೇಡಂ ಆಗಿದ್ದು ನಿವೃತ್ತರಾಗಿದ್ದಾರೆ. ಈ ಓಣಿಯಲ್ಲಿ ಮಾತ್ರ, ಮದುವೆಯಾಗಿ ಬಂದ ವರ್ಷದಿಂದ ಇವತ್ತಿನವರೆಗೂ, ಮೀನಕ್ಕ. ಅಂಚೆಯವನೂ ಲಕೋಟೆಯ ಮೇಲಿನ ಹೆಸರು ಓದುವುದಿಲ್ಲ. ಪರದೇಶದ ಅಂಚೆಚೀಟಿ ಕಂಡರೆ ಇದು ಮೀನಕ್ಕನದೇ ಎಂದು ನೇರವಾಗಿ ಇಲ್ಲಿ ತಂದು ಹಾಕುತ್ತಾನೆ, ಒಮ್ಮೆಯೂ ತಪ್ಪಾಗಿಲ್ಲ.

ತೊಟ್ಟಿಯಲ್ಲಿರುವುದು ಇದೇ ಓಣಿಯ ಕೊನೆಯಲ್ಲಿರುವ ಬಾವಿಯ ನೀರು. ಎರಡು ವರ್ಷದಿಂದ ಆ ಬಾವಿಗೆ ಬೀಗ ಬಿದ್ದಿದೆ. ಹಾಕಿಸಿದವರು ಮೀನಕ್ಕನೇ. ನಾಲ್ಕು ದಿನದ ಈ ಪರೀಕ್ಷೆ ನಾಳೆ ಬೆಳಗ್ಗೆ ಮುಗಿಯುತ್ತದೆ. ಮೀನು ಬದುಕಿದರೆ ಬೀಗ ತೆಗೆಯುತ್ತಾರೆ, ಸತ್ತರೆ ಇಲ್ಲ. ಅದಕ್ಕೇ ಈ ವಾರ ಓಣಿಯಲ್ಲಿ ಯಾರೂ ಯಾರನ್ನೂ ‘ಚೆನ್ನಾಗಿದ್ದೀರಾ’ ಎಂದು ಕೇಳುತ್ತಿಲ್ಲ. ‘ಮೀನು ಹೇಗಿದೆಯಂತೆ’ ಎಂದು ಕೇಳುತ್ತಾರೆ.

ಈ ಬಾವಿಗೂ ಮೀನಕ್ಕನಿಗೂ ಇರುವ ನಂಟು ಮದುವೆಯಷ್ಟೇ ಹಳೆಯದು. ಆಗಷ್ಟೇ ಸಂಶೋಧನೆಗೆ ಸೇರಿದ್ದರು. ಹೊಸ ಸೊಸೆ ಏನು ಕೆಲಸ ಮಾಡುತ್ತಾಳೆ ಎಂದು ಬಂದವರೆಲ್ಲ ಅತ್ತೆಯನ್ನು ಕೇಳುತ್ತಿದ್ದರಂತೆ. ಅತ್ತೆಯ ಉತ್ತರ ಓಣಿಯಲ್ಲಿ ಇಂದಿಗೂ ಚಾಲ್ತಿಯಲ್ಲಿದೆ: “ಮೀನು ಸಾಯೋದನ್ನ ನೋಡ್ಕೊಂಡು ಕೂತಿರ್ತಾಳೆ ಕಣಮ್ಮ. ಅದಕ್ಕೂ ಸಂಬಳ ಕೊಡ್ತಾರೆ!”

ಅತ್ತೆ ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಗಾಜಿನ ತೊಟ್ಟಿಗಳನ್ನು ಸಾಲಾಗಿ ಇಡುತ್ತಾರೆ. ಮೊದಲನೆಯದಕ್ಕೆ ಒಂದು ಚೂರು ವಿಷ, ಪಕ್ಕದ್ದಕ್ಕೆ ಇನ್ನಷ್ಟು, ಅದರ ಪಕ್ಕದ್ದಕ್ಕೆ ಮತ್ತಷ್ಟು. ನಾಲ್ಕು ದಿನ ಹಗಲೂ ಇರುಳೂ ಕಾದು ಎಷ್ಟು ಸತ್ತವು, ಎಷ್ಟು ಉಳಿದವು ಎಂದು ನೋಡುತ್ತಾರೆ. ಸಾಲಿನ ಕೊನೆಯ ತೊಟ್ಟಿಗೆ ಮಾತ್ರ ಏನೂ ಹಾಕುವುದಿಲ್ಲ, ಬರೀ ಶುದ್ಧ ನೀರು. ಅದಕ್ಕೆ ಕಂಟ್ರೋಲ್ ತೊಟ್ಟಿ ಎನ್ನುತ್ತಾರೆ. ಅಲ್ಲಿಯ ಮೀನು ಬದುಕಿದರಷ್ಟೇ ಉಳಿದ ತೊಟ್ಟಿಗಳ ಸಾವಿಗೆ ಒಂದು ಅರ್ಥ. “ವಿಷ ಹಾಕಿದ ಕಡೆ ಮೀನು ಸತ್ರೆ ಅದು ವಿಜ್ಞಾನ, ಹಾಕದೆ ಇರೋ ಕಡೆ ಸತ್ರೆ ತಲೆನೋವು ಅಂತಿದ್ರು ನಮ್ಮ ದೊಡ್ಡ ಮೇಷ್ಟ್ರು,” ಎಂದು ಮೀನಕ್ಕ ತಮ್ಮ ಗುರುಗಳನ್ನು ನೆನೆಯುತ್ತಾರೆ.

ಮೊದಲ ಪ್ರಯೋಗದಲ್ಲೇ ಆ ತಲೆನೋವು ಬಂತು. ಕಾಲೇಜಿನ ಕೊಳಾಯಿ ನೀರಿನಲ್ಲಿ ಕ್ಲೋರಿನ್ ಜಾಸ್ತಿ. ವಿಷ ಹಾಕುವ ಮೊದಲೇ ಎಲ್ಲ ತೊಟ್ಟಿಗಳ ಮೀನೂ ಹೊಟ್ಟೆ ಮೇಲಾಗಿ ತೇಲಿದವು. ಹೊಸ ಸೊಸೆ ಮನೆಗೆ ಬಂದು ಊಟ ಬಿಟ್ಟು ಮಲಗಿದರು. ಅತ್ತೆ ತಟ್ಟೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತು ಹೇಳಿದರಂತೆ: “ಆ ಕೊಳಾಯಿ ನೀರು ಔಷಧಿ ಅಂಗಡಿ ವಾಸನೆ ಹೊಡೆಯುತ್ತೆ. ನನಗೇ ಗಂಟಲಲ್ಲಿ ಇಳಿಯಲ್ಲ. ಪಾಪ, ಅದರಲ್ಲೇ ಮುಳುಗಿ ಸಂಸಾರ ಮಾಡು ಅಂದ್ರೆ ಅವು ಏನು ಮಾಡ್ತವೆ? ನಮ್ಮ ಬಾವಿ ನೀರು ತಗೊಂಡು ಹೋಗು.”

ಹೊರುವ ಕೆಲಸ ಗಂಡನ ಪಾಲಿಗೆ ಬಂತು. ಅವರು ಶಾಲೆಯ ಡ್ರಿಲ್ ಮೇಷ್ಟ್ರು. ಸೈಕಲ್ಲಿನ ಎರಡೂ ಬದಿಗೆ ಕ್ಯಾನು ಕಟ್ಟಿಕೊಂಡು, ತುಳುಕದ ಹಾಗೆ ಕಾಲೇಜಿನವರೆಗೆ ತುಳಿದು, ಅಲ್ಲಿಂದ ಸೀಟಿ ಊದಲು ಶಾಲೆಗೆ ಓಡುತ್ತಿದ್ದರು. ಕೊರಳಿನ ಗಡಿಯಾರವೂ ಅವರದೇ. “ಹೊಸದಾಗಿ ಮದುವೆ ಆದವರು ಹೆಂಡತಿಗೆ ಹೂವು ತರ್ತಾರೆ. ನಾನು ನೀರು ಹೊತ್ತೆ. ಹೂವು ಆಗಿದ್ರೆ ಹಗುರವಾಗಿ ಇರ್ತಿತ್ತು,” ಎಂದು ಈಗಲೂ ಹೆಂಡತಿಗೆ ಕೇಳಿಸುವ ಹಾಗೆ ಗೊಣಗುತ್ತಾರೆ. ಹೆಂಡತಿಗೆ ಕೇಳಿಸುತ್ತದೆ. “ಹೂವು ತಂದಿದ್ರೆ ಸಂಜೆಗೆ ಬಾಡಿರೋದು,” ಎಂಬ ಉತ್ತರ ಒಳಗಿನಿಂದ ಬರುತ್ತದೆ.

ಮೀನಕ್ಕನ ಪ್ರಯೋಗಶಾಲೆ ಕಾಲೇಜಿನ ಮೆಟ್ಟಿಲ ಕೆಳಗಿತ್ತು. ಮುರಿದ ಬೆಂಚು ಎಸೆಯುತ್ತಿದ್ದ ಕೋಣೆ. ನೆತ್ತಿಯ ಮೇಲೆ ಹುಡುಗರು ದಡದಡನೆ ಇಳಿದರೆ ಮೀನುಗಳಿಗೆ ಗಾಬರಿಯಾಗುತ್ತಿತ್ತು. ಅದಕ್ಕೆಂದೇ ದೊಡ್ಡ ಮೇಷ್ಟ್ರು ಮೆಟ್ಟಿಲಿಗೆಲ್ಲ ಗೋಣಿಚೀಲ ಹೊದಿಸಿದ್ದರು. ಜಾರಿ ಬಿದ್ದವರು ಮೀನಿಗೆ ಶಾಪ ಹಾಕುತ್ತಿದ್ದರು. ಆ ಕೋಣೆಯ ಮಾತು ಬಂದರೆ ಮೀನಕ್ಕನ ಮುಖ ಇಪ್ಪತ್ತೈದರ ಹುಡುಗಿಯದಾಗುತ್ತದೆ. ಗಾಳಿ ಊದುವ ಪಂಪಿನ ಗುಳುಗುಳು ಸದ್ದು, ಒದ್ದೆ ಗೋಡೆಯ ವಾಸನೆ, ವಿಷದ ಶೀಶೆಗಳಿಗೆ ಬೆನ್ನು ಹಾಕಿ ಕುಳಿತು ಬುತ್ತಿ ಬಿಚ್ಚುತ್ತಿದ್ದ ಮಧ್ಯಾಹ್ನಗಳು, ಒಬ್ಬರು ನಿದ್ದೆ ಮಾಡಿದರೆ ಇನ್ನೊಬ್ಬರು ಎದ್ದಿರುತ್ತಿದ್ದ ಪಾಳಿಗಳು. ಮಗಳನ್ನು ತೊಟ್ಟಿಲ ಸಮೇತ ಅಲ್ಲಿಗೇ ಒಯ್ಯುತ್ತಿದ್ದರು. ಆ ಮಗು ಮೊದಲು ಆಡಿದ ಮಾತು ಅಮ್ಮ ಅಲ್ಲ, ಗುಳುಗುಳು.

“ಆಗ ನಮ್ಮ ಹತ್ತಿರ ಏನೂ ಇರಲಿಲ್ಲ. ಒಂದು ಸೂಕ್ಷ್ಮದರ್ಶಕ, ಅದಕ್ಕೂ ಒಂದು ಕಣ್ಣು ಮಂಜು. ಆದ್ರೆ ಬೇಕಾದಷ್ಟು ಹೊತ್ತು ಇತ್ತು. ಒಂದು ಮೀನನ್ನ ಅರ್ಧ ದಿನ ನೋಡ್ತಾ ಕೂತ್ರೆ ಯಾರೂ ಯಾಕೆ ಅಂತ ಕೇಳ್ತಿರಲಿಲ್ಲ,” ಎನ್ನುತ್ತಾರೆ. ಆ ದಿನಗಳು ಹೋದವಲ್ಲ ಎಂಬ ಸಂಕಟ ಆ ದನಿಯಲ್ಲಿದೆ, ಅದನ್ನು ಅವರು ಮುಚ್ಚಿಡುವುದೂ ಇಲ್ಲ.

ಆ ಕಾಲದ ನಮ್ಮ ಹೊಳೆ ನನಗೂ ನೆನಪಿದೆ. ನಾನು ಪಕ್ಕದ ಓಣಿಯವನು. ಮೇಲ್ಗಡೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಇತ್ತು. ಹೊಳೆ ಒಂದು ದಿನ ನೀಲಿ, ಒಂದು ದಿನ ಕೆಂಪು. ನಾವು ಮಕ್ಕಳು ಸೇತುವೆಯ ಮೇಲೆ ನಿಂತು ನಾಳೆ ಯಾವ ಬಣ್ಣ ಎಂದು ಪಂಥ ಕಟ್ಟುತ್ತಿದ್ದೆವು. ಹೊಳೆ ಎಂದರೆ ಹಾಗೆಯೇ ಇರುತ್ತದೆ ಎಂದುಕೊಂಡಿದ್ದೆವು. ಕೆಳಗೆ, ಮೊಣಕಾಲುದ್ದದ ನೀರಿನಲ್ಲಿ, ಬಾಟಲಿ ಮುಳುಗಿಸುತ್ತಾ ನಿಂತಿರುತ್ತಿದ್ದ ಹೆಂಗಸು ಯಾರೆಂದು ನಾವು ಯೋಚಿಸಲೇ ಇಲ್ಲ.

ಕಾರ್ಖಾನೆಯವರ ವಾದ ಸರಳವಾಗಿತ್ತು: ಮೀನು ಸತ್ತಿಲ್ಲವಲ್ಲ, ಮತ್ತೇನು? ನಿಜ, ಹೊಳೆಯಲ್ಲಿ ಸತ್ತ ಮೀನು ತೇಲುತ್ತಿರಲಿಲ್ಲ. ಮೀನಕ್ಕ ವರ್ಷಗಟ್ಟಲೆ ಹೊಳೆಯ ತಿರುವಿನಲ್ಲಿ ಬಲೆ ಹಾಕಿ ಬೇರೆಯದನ್ನು ಹುಡುಕಿದರು. ಅಲ್ಲಿ ದೊಡ್ಡ ಮೀನುಗಳಿದ್ದವು, ಮರಿಗಳೇ ಇರಲಿಲ್ಲ. ಬಣ್ಣದ ನೀರಿನಲ್ಲಿ ಮೊಟ್ಟೆ ಒಡೆಯುತ್ತಿರಲಿಲ್ಲ. “ಸಾವನ್ನ ಎಣಿಸೋದು ಸುಲಭ. ಸಾಯದೆ ಕೊರಗೋದನ್ನ ಎಣಿಸೋದಿದೆಯಲ್ಲ, ಅದಕ್ಕೇ ನನ್ನ ಕೂದಲು ಬೆಳ್ಳಗಾಗಿದ್ದು,” ಎನ್ನುತ್ತಾರೆ. ಆ ಲೆಕ್ಕವನ್ನು ಯಾರಿಂದಲೂ ಅಲ್ಲಗಳೆಯಲಾಗಲಿಲ್ಲ. ಕಾರ್ಖಾನೆ ತ್ಯಾಜ್ಯ ನೀರನ್ನು ಶುದ್ಧ ಮಾಡುವ ಕೊಳಗಳನ್ನು ಕಟ್ಟಿತು. ಉದ್ಘಾಟನೆಯ ಚಿತ್ರ ನಮ್ಮದೇ ಪತ್ರಿಕೆಯಲ್ಲಿ ಬಂತು, ಮೊನ್ನೆ ಹುಡುಕಿ ತೆಗೆದೆ. ರಿಬ್ಬನ್ನು, ಕತ್ತರಿ, ಕೋಟು ತೊಟ್ಟ ಐದಾರು ಗಣ್ಯರು. ಚಿತ್ರದ ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತದೆ. ಅದು ಮೀನಕ್ಕನದು.

ಹೀಗೆ ಕೀಟನಾಶಕ, ಸೀಸ, ಎಣ್ಣೆ, ಸಾಬೂನು ಎಂದು ಒಂದೊಂದನ್ನೇ ಪರೀಕ್ಷಿಸುತ್ತಾ ಸೇವೆಯೆಲ್ಲ ಕಳೆಯಿತು. ಪ್ರಬಂಧಗಳು ದೂರದೂರದ ದೇಶಗಳ ಪತ್ರಿಕೆಗಳಲ್ಲಿ ಬಂದವು. ವಿಷದ ಹೆಸರು ಬದಲಾಗುತ್ತಿತ್ತು, ಒಂದು ಸಾಲು ಮಾತ್ರ ಎಲ್ಲದರಲ್ಲೂ ಇರುತ್ತಿತ್ತು: ಕಂಟ್ರೋಲ್ ತೊಟ್ಟಿಗೆ ಹತ್ತಿರದ ಬಾವಿಯ ಶುದ್ಧ ನೀರನ್ನು ಬಳಸಲಾಗಿದೆ. ಲೋಕದ ಯಾವ ಮೂಲೆಯಲ್ಲೋ ಕುಳಿತು ಓದುವ ವಿದ್ವಾಂಸನಿಗೆ ಗೊತ್ತಿರಲಿಲ್ಲ, ಅದು ಹತ್ತು ಮನೆಯ ಒಂದು ಓಣಿಯ ಬಾವಿ, ಅದರ ಕಟ್ಟೆಯ ಮೇಲೆ ಬಟ್ಟೆ ಒಣಗುತ್ತದೆ, ಅಲ್ಲಿ ನೀರು ಸೇದುವುದಕ್ಕಿಂತ ಹೆಚ್ಚಾಗಿ ಮಾತು ಸೇದುತ್ತಾರೆ ಎಂದು.

ನಿವೃತ್ತಿಯಾದ ಮೇಲೆ ಮೆಟ್ಟಿಲ ಕೆಳಗಿನ ಕೋಣೆ ಜೆರಾಕ್ಸ್ ಅಂಗಡಿಯಾಯಿತು. ಮೀನಕ್ಕ ಉಳಿದ ತೊಟ್ಟಿಗಳನ್ನು ಕೈಗಾಡಿಯ ಮೇಲೆ ಹೇರಿಸಿಕೊಂಡು ಮನೆಗೆ ತಂದರು. ನಡುಮನೆಯ ಸೋಫಾವನ್ನು ಪಕ್ಕದ ಮನೆಯವರಿಗೆ ಕೊಟ್ಟು ಜಾಗ ಮಾಡಿದರು. ಬಟ್ಟೆ ಒಗೆದ ಸಾಬೂನು ನೀರಿನಿಂದ ಮರಿಮೀನಿಗೆ ಏನಾಗುತ್ತದೆ ಎಂಬ ಕೆಲಸ ಅರ್ಧಕ್ಕೆ ನಿಂತಿತ್ತು. ಅದೊಂದನ್ನು ಮುಗಿಸಿ ಕೈತೊಳೆದುಕೊಳ್ಳೋಣ ಎಂದು ಆರಂಭಿಸಿದರು.

ಕಂಟ್ರೋಲ್ ತೊಟ್ಟಿಯ ಮೀನು ಸತ್ತವು.

ಈ ಶಾಸ್ತ್ರದಲ್ಲಿ ಇದಕ್ಕೊಂದು ನಿಯಮವಿದೆ. ಕಂಟ್ರೋಲ್ ತೊಟ್ಟಿಯ ಹತ್ತು ಮೀನಿನಲ್ಲಿ ಒಂದು ಸತ್ತರೆ ಪರವಾಗಿಲ್ಲ, ಜೀವ ಎಂದ ಮೇಲೆ ಹೋಗುವುದುಂಟು. ಒಂದಕ್ಕಿಂತ ಹೆಚ್ಚು ಸತ್ತರೆ ಆ ಪ್ರಯೋಗ ಲೆಕ್ಕಕ್ಕಿಲ್ಲ, ಎಲ್ಲವನ್ನೂ ಚೆಲ್ಲಿ ಮೊದಲಿನಿಂದ ಶುರು ಮಾಡಬೇಕು. ಇವರ ಕೈಕೆಳಗೆ ಕಲಿತವರೆಲ್ಲ ಈ ನಿಯಮವನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. ಮೀನಕ್ಕ ನಿಯಮದ ಪ್ರಕಾರ ಪ್ರಯೋಗ ಎಸೆದರು. ಮತ್ತೆ ಇಟ್ಟರು. ಮತ್ತೆ ಸತ್ತವು, ಮತ್ತೆ ಎಸೆದರು. ಪಂಪು ಬದಲಾಯಿಸಿದರು. ರಬ್ಬರ್ ಕೊಳವೆ ಬದಲಾಯಿಸಿದರು. ಮರಿ ಕೊಟ್ಟವನ ಜೊತೆ ಜಗಳವಾಡಿದರು. ಕೊನೆಗೆ ಅನುಮಾನ ಯಜಮಾನರ ಸೊಳ್ಳೆ ಬತ್ತಿಯ ಮೇಲೆ ಹೋಯಿತು. ಅದರ ಹೊಗೆ ಮೀನಿಗೆ ಆಗುವುದಿಲ್ಲ. ಬತ್ತಿ ಬಂದ್ ಆಯಿತು. ಡ್ರಿಲ್ ಮೇಷ್ಟ್ರು ಇಡೀ ಮಳೆಗಾಲ ಕೈಕಾಲು ಕೆರೆದುಕೊಂಡು ಕಳೆದರು, ಮೀನು ಸಾಯುವುದು ಮಾತ್ರ ನಿಲ್ಲಲಿಲ್ಲ.

ಒಂದು ಸಂಜೆ ಅವರು ಲೋಟದಲ್ಲಿ ನೀರು ಹಿಡಿದುಕೊಂಡು ತೊಟ್ಟಿಯ ಮುಂದೆ ನಿಂತಿದ್ದರು. ಹೆಂಡತಿ ಮತ್ತೊಂದು ಪ್ರಯೋಗದ ನೀರನ್ನು ಡಬ್ಬಕ್ಕೆ ಸುರಿಯುತ್ತಿದ್ದರು. “ಅಲ್ವೇ, ಮೀನು ಸತ್ರೆ ಪ್ರಯೋಗ ಎಸೀತೀಯ. ಇದೇ ನೀರು ಕುಡಿದು ನಾನು ಸತ್ರೆ ಏನನ್ನ ಎಸೀತೀಯ?”

“ನಕ್ಕೆ,” ಎನ್ನುತ್ತಾರೆ ಮೀನಕ್ಕ. “ಜೋರಾಗೇ ನಕ್ಕೆ. ನಗ್ತಾ ನಗ್ತಾನೇ ಹೊಳೀತು. ಅವರ ಕೈಯಿಂದ ಲೋಟ ಕಿತ್ಕೊಂಡೆ.”

ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ. ಜೀವಮಾನವೆಲ್ಲ ಆ ತೊಟ್ಟಿಯ ನೀರನ್ನು ಅಳತೆಗೋಲಾಗಿ ಇಟ್ಟುಕೊಂಡವರಿಗೆ ಆ ಅಳತೆಗೋಲನ್ನೇ ಅಳೆಯಬೇಕೆಂದು ಹೊಳೆಯಲಿಲ್ಲ. ನೀರನ್ನು ಮೊದಲೇ ನೋಡಬಾರದಿತ್ತೇ ಎಂದು ಮೆಲ್ಲಗೆ ಕೇಳಿದೆ. ಮೀನಕ್ಕ ಸಿಟ್ಟಾಗಲಿಲ್ಲ. “ಬಾವಿ ಕೆಡಬಹುದು ಅಂತ ನನ್ನ ತಲೆಗೆ ಬರಲೇ ಇಲ್ಲ ಕಣಪ್ಪ. ಬೇರೆ ಯಾರದ್ದಾದ್ರೂ ಬಾವಿ ಆಗಿದ್ರೆ ಮೊದಲನೇ ದಿನಾನೇ ನೋಡಿರ್ತಿದ್ದೆ. ಇದು ನಮ್ಮತ್ತೆ ಕೊಟ್ಟ ನೀರು,” ಎಂದರು.

ನೀರಿನ ಪ್ರಯೋಗಾಲಯದಲ್ಲಿರುವ ಹಳೆಯ ಶಿಷ್ಯೆಗೆ ಬಾವಿಯ ನೀರು ಕಳಿಸಿದರು. ನಿಕ್ಕೆಲ್ ಇತ್ತು, ಕ್ರೋಮಿಯಂ ಇತ್ತು, ಕುಡಿಯಲು ಒಪ್ಪುವ ಮಿತಿಗಿಂತ ಹೆಚ್ಚೇ ಇತ್ತು. ಎರಡೂ ಲೋಹಕ್ಕೆ ಹೊಳಪು ಕೊಡುವ ವಸ್ತುಗಳು. ಅಂಥ ಕೆಲಸ ಓಣಿಯಲ್ಲಿ ಒಂದೇ ಕಡೆ ನಡೆಯುತ್ತಿತ್ತು: ಬಾವಿಯ ಹಿಂದಿನ ಮೂಲೆಮನೆಯಲ್ಲಿ, ಪಾತ್ರೆ, ನಲ್ಲಿ, ಬಾಗಿಲ ಹಿಡಿಗಳಿಗೆ ಗಿಲೀಟು ಹಾಕುವ ಶೆಡ್ಡಿನಲ್ಲಿ. ಅದರ ಯಜಮಾನನನ್ನು ಎಲ್ಲರೂ ಗಿಲೀಟಿನವನೆಂದೇ ಕರೆಯುತ್ತಾರೆ. ಮೀನಕ್ಕನನ್ನು ಬಾಯಿತುಂಬ ಅಕ್ಕ ಎನ್ನುವ ಮನುಷ್ಯ. ಮೀನಕ್ಕನ ತೊಟ್ಟಿಗಳಿಗೆ ಕಬ್ಬಿಣದ ಸ್ಟ್ಯಾಂಡು ಮಾಡಿಕೊಟ್ಟವನೂ ಅವನೇ.

ಬಾವಿಕಟ್ಟೆಯ ಹತ್ತಿರ ಎಲ್ಲರನ್ನೂ ಸೇರಿಸಿ ಮೀನಕ್ಕ ವಿಷಯ ಹೇಳಿದರು. ಯಾರ ಹೆಸರನ್ನೂ ಎತ್ತಲಿಲ್ಲ. ನೀರು ಕುಡಿಯಬೇಡಿ, ಬಾವಿಗೆ ಬೀಗ ಹಾಕೋಣ ಎಂದರು. ಓಣಿ ಸಿಟ್ಟಾಯಿತು, ಅದೂ ಇವರ ಮೇಲೆಯೇ. ಅಷ್ಟು ವರ್ಷ ಶುದ್ಧ ಎಂದವರು ಈಗ ವಿಷ ಎನ್ನುತ್ತಾರಲ್ಲ ಎಂದರು ಒಬ್ಬರು. ನಿಮ್ಮ ತೊಟ್ಟಿಯ ವಿಷ ನೀವೇ ಚರಂಡಿಗೆ ಸುರಿದಿರಬೇಕು ಎಂದರು ಇನ್ನೊಬ್ಬರು. ಮೀನಕ್ಕ ಪ್ರಯೋಗದ ನೀರನ್ನು ಒಂದು ಹನಿಯೂ ಹೊರಗೆ ಚೆಲ್ಲಿದವರಲ್ಲ. ಡಬ್ಬಗಳಲ್ಲಿ ತುಂಬಿ ಕಾಲೇಜಿಗೆ ಮುಟ್ಟಿಸುತ್ತಿದ್ದರು. ಹೇಳಿದರೆ ಕೇಳುವವರು ಯಾರು? ಮರುದಿನ ಪಕ್ಕದ ಮನೆಯವರು ಸೋಫಾವನ್ನು ಹೊತ್ತು ತಂದು ಬಾಗಿಲ ಮುಂದೆ ಇಟ್ಟು ಹೋದರು. ಅದು ಇವತ್ತಿಗೂ ಜಗಲಿಯ ಮೇಲಿದೆ. ನನಗೆ ಚಹಾ ಕೊಟ್ಟಿದ್ದು ಅದರ ಮೇಲೆಯೇ.

“ಅವತ್ತು ಅತ್ತುಬಿಟ್ಟೆ,” ಎನ್ನುತ್ತಾರೆ. “ಕಾರ್ಖಾನೆಯವರು ಬೈದಾಗ ಅಳು ಬಂದಿರಲಿಲ್ಲ. ಅವರು ಯಾರೋ. ಇವರು ನನ್ನ ಬಾಣಂತನ ಮಾಡಿದವರು.”

ವಾರದೊಳಗೆ, ಓಣಿ ಏಳುವ ಮೊದಲೇ, ಬಾಗಿಲು ತಟ್ಟಿದ್ದು ಗಿಲೀಟಿನವನು. “ಅಕ್ಕ, ಬೈಯೋದಾದ್ರೆ ಆಮೇಲೆ ಬೈರಿ. ಮೊದಲು ನನ್ನ ಗುಂಡಿ ನೋಡೋಣ ಬನ್ನಿ.” ಬಳಸಿದ ನೀರನ್ನು ತುಂಬಿಡಲು ಅವನು ಕಟ್ಟಿಸಿದ್ದ ಸಿಮೆಂಟಿನ ಗುಂಡಿಯನ್ನು ಇಬ್ಬರೂ ಖಾಲಿ ಮಾಡಿಸಿ ನೋಡಿದರು. ತಳದಲ್ಲಿ ಬೆರಳು ತೂರುವಷ್ಟು ಬಿರುಕು. ಕೆಳಗಿನ ಮಣ್ಣು ಹಳದಿಗಟ್ಟಿತ್ತು, ಆ ಹಳದಿ ಬಾವಿಯ ಕಡೆಗೇ ಹರಿದಿತ್ತು. ಅವನು ಅಲ್ಲೇ ಕುಸಿದು ಕುಳಿತನಂತೆ. “ಗುಂಡಿ ಕಟ್ಟಿಸಿದೀನಿ, ಇನ್ನೇನು ತೊಂದರೆ ಅಂತ ಧೈರ್ಯವಾಗಿದ್ದೆ ಸಾರ್. ಒಳಗೆ ಇಳಿದು ನೋಡಲಿಲ್ಲ. ನಮ್ಮಮ್ಮನೂ ಇದೇ ನೀರು ಕುಡೀತಿದ್ರು,” ಎಂದು ನನ್ನ ಮುಂದೆಯೂ ಹೇಳಿದ.

ಅವನ ತಾಯಿ ಓಣಿಗೆಲ್ಲ ಅಜ್ಜಿ. ತೊಂಬತ್ತು ದಾಟಿದೆ ಎಂದು ಮಗ ಹೇಳುತ್ತಾನೆ, ಅಜ್ಜಿ ಒಪ್ಪುವುದಿಲ್ಲ. ಬಾವಿಗೆ ಬೀಗ ಬಿದ್ದ ಮೇಲೆ ಆಕೆಯ ಬಾಯಲ್ಲಿ ಒಂದೇ ಮಾತು. ಕೊಳಾಯಿ ನೀರು ಬಾಯಾರಿಕೆಗೆ ಸಾಕು, ಬಾಯಿಗೆ ಸಾಲದು. ಒಂದು ಗುಟುಕು ನಮ್ಮ ಬಾವಿ ನೀರು ಕುಡಿದು ಕಣ್ಣು ಮುಚ್ಚಬೇಕು.

ಎರಡು ವರ್ಷ ಗಿಲೀಟಿನವನು ಅದಕ್ಕಾಗಿಯೇ ಬದುಕಿದ ಹಾಗಿದೆ. ಶೆಡ್ಡನ್ನು ಊರ ಹೊರಗೆ ಸಾಗಿಸಿದ. ಕೆಟ್ಟ ಮಣ್ಣನ್ನೆಲ್ಲ ಅಗೆಸಿದ. ಬಾವಿಯ ನೀರನ್ನು ತೋಡಿ ಚರಂಡಿಗೆ ಬಿಡುವಂತಿಲ್ಲವಾದ್ದರಿಂದ ಟ್ಯಾಂಕರಿಗೆ ತುಂಬಿಸಿ ಶುದ್ಧೀಕರಣದ ಘಟಕಕ್ಕೆ ಸಾಗಿಸಿದ. ಖಾಲಿ ಮಾಡಿದಷ್ಟೂ ಹೊಸ ನೀರು ಬಂತು, ಅದನ್ನೂ ತೋಡಿದ. ಅವನು ತೋಡುವುದು, ಇವರು ಪರೀಕ್ಷಿಸುವುದು. ಓಣಿ ಮೊದಲು ದೂರ ನಿಂತು ನೋಡಿತು, ಆಮೇಲೆ ಹಗ್ಗಕ್ಕೆ ಕೈ ಹಚ್ಚಿತು. ಪಕ್ಕದ ಮನೆಯವರು ಒಂದು ದಿನ ಮೀನಿನ ಆಹಾರದ ಪೊಟ್ಟಣ ತಂದುಕೊಟ್ಟರು. ಸೋಫಾದ ಮಾತು ಇಬ್ಬರೂ ಎತ್ತಲಿಲ್ಲ.

ಪ್ರಯೋಗಾಲಯದ ಯಂತ್ರ ಈ ವರ್ಷ ಎರಡು ಸಲ ನೀರು ಸರಿಯಿದೆ ಎಂದಿದೆ. ಹಾಗಾದರೆ ಮೀನೇಕೆ ಎಂದು ಕೇಳಿದೆ. “ಯಂತ್ರ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತೆ. ನಿಕ್ಕೆಲ್ ಇದೆಯಾ ಅಂದ್ರೆ ಇಲ್ಲ ಅನ್ನುತ್ತೆ. ಕ್ರೋಮಿಯಂ ಇದೆಯಾ ಅಂದ್ರೆ ಇಲ್ಲ ಅನ್ನುತ್ತೆ. ಮೂರನೇದು ಏನಾದ್ರೂ ಇದ್ರೆ? ನಾನು ಕೇಳಲಿಲ್ಲ, ಅದು ಹೇಳಲಿಲ್ಲ. ಮೀನನ್ನ ಏನೂ ಕೇಳಬೇಕಾಗಿಲ್ಲ. ಇರೋದನ್ನೆಲ್ಲ ಒಟ್ಟಿಗೆ ಹೇಳಿಬಿಡುತ್ತೆ. ಬರ್ಕೊಳ್ಳಿ ಇದನ್ನ.” ಬರೆದುಕೊಂಡೆ.

ಮರುದಿನ, ನಾಲ್ಕು ದಿನ ತುಂಬುವ ಬೆಳಗ್ಗೆ, ನಾನು ಹೋಗುವಷ್ಟರಲ್ಲಿ ಓಣಿ ನನಗಿಂತ ಮೊದಲೇ ಎದ್ದಿದೆ. ಬಾವಿಕಟ್ಟೆಯನ್ನು ಯಾರೋ ತಿಕ್ಕಿ ತೊಳೆದಿದ್ದಾರೆ. ರಾಟೆಗೆ ಎಣ್ಣೆ, ಹೊಸ ಹಗ್ಗ. ಬಿಂದಿಗೆಗಳು ಸಾಲಾಗಿ ಕುಳಿತಿವೆ. ಗಿಲೀಟಿನವನು ಬೀಗದ ಕೈಯನ್ನು ಜೇಬಿನಿಂದ ತೆಗೆಯುತ್ತಾನೆ, ಮತ್ತೆ ಜೇಬಿಗೆ ಹಾಕುತ್ತಾನೆ. ಕುರ್ಚಿಯ ಮೇಲೆ ಅಜ್ಜಿ, ತೊಡೆಯ ಮೇಲೆ ಒಂದು ಚೆಂಬು. ನಾನೂ ಮನಸ್ಸಿನಲ್ಲೇ ಈ ಲೇಖನಕ್ಕೆ ಒಂದು ಸಂತೋಷದ ತಲೆಬರಹ ಕೊಟ್ಟುಕೊಂಡು ಒಳಗೆ ಹೋಗುತ್ತೇನೆ.

ಒಂಬತ್ತು ಮೀನು ಈಜುತ್ತಿವೆ. ಒಂದು ತಳದಲ್ಲಿ ಮಗ್ಗುಲಾಗಿ ಬಿದ್ದಿದೆ.

ಮೀನಕ್ಕ ಗಾಜಿನ ಕಡ್ಡಿಯಿಂದ ಅದನ್ನು ಮೆಲ್ಲಗೆ ಮುಟ್ಟುತ್ತಾರೆ. ಅಲ್ಲಾಡುವುದಿಲ್ಲ. ಪುಟ್ಟ ಬಲೆಯಲ್ಲಿ ಎತ್ತಿ ಅಂಗೈಗೆ ಹಾಕಿಕೊಂಡು, ಭೂತಗನ್ನಡಿ ಹಿಡಿದು ಕಿವಿರು ನೋಡುತ್ತಾರೆ, ರೆಕ್ಕೆ ನೋಡುತ್ತಾರೆ, ಹೊಟ್ಟೆ ನೋಡುತ್ತಾರೆ. “ಗಾಯ ಇಲ್ಲ. ಕಿವಿರು ಕೆಂಪಗೇ ಇದೆ. ಯಾಕೆ ಅಂತ ಗೊತ್ತಾಗ್ತಾ ಇಲ್ಲ.” ಬಾಗಿಲಲ್ಲಿ ನಿಂತ ಗಂಡ ಹೇಳುತ್ತಾರೆ: “ಒಂದೇ ತಾನೇ? ನಿಮ್ಮ ನಿಯಮದಲ್ಲಿ ಹತ್ತಕ್ಕೆ ಒಂದು ಹೋದ್ರೆ ಪಾಸು ಅಲ್ವಾ?”

ಮೀನಕ್ಕ ಅಂಗೈಯ ಮೀನನ್ನು ಕಿವಿರಿನಿಂದ ಬಾಲದವರೆಗೆ ಇನ್ನೊಮ್ಮೆ ನೋಡುತ್ತಾರೆ. ಅದನ್ನು ಗಾಜಿನ ಬಟ್ಟಲಿಗೆ ಇಳಿಸಿ, ಉಳಿದ ಒಂಬತ್ತರ ಉಸಿರನ್ನು ಎಣಿಸುತ್ತಾರೆ. ಹೊರಗಿನಿಂದ ಬಿಂದಿಗೆಗಳು ತಾಗುವ ಸದ್ದು ಕೇಳುತ್ತಿದೆ. ಆಕೆಯೂ ಆ ನೀರು ಕುಡಿದು ಎರಡು ವರ್ಷವಾಯಿತು ಎಂಬುದು ನನಗೆ ಆಗ ಹೊಳೆಯುತ್ತದೆ. ಪಾಸು ಎಂದುಬಿಡಲಿ ಎಂದು ನಾನೂ ಒಳಗೊಳಗೇ ಆಸೆಪಡುತ್ತೇನೆ.

ಎದ್ದು ಕೈ ತೊಳೆದುಕೊಂಡು ಹೊರಗೆ ಬರುತ್ತಾರೆ. “ಒಂದು ಹೋಯ್ತು,” ಎನ್ನುತ್ತಾರೆ.

ಗಿಲೀಟಿನವನ ಮುಖ ಇಳಿಯುತ್ತದೆ. “ಒಂದೇನಾ ಅಕ್ಕ? ನಿಯಮದ ಪ್ರಕಾರ...”

“ನಿಯಮದ ಪ್ರಕಾರ ಪಾಸು.”

ಯಾರೋ ಆಗಲೇ ಬಿಂದಿಗೆ ಎತ್ತಿಕೊಂಡಿದ್ದಾರೆ. ಮೀನಕ್ಕ ಕೈ ಅಡ್ಡ ಹಿಡಿಯುತ್ತಾರೆ. “ಅದು ಪ್ರಯೋಗಕ್ಕೆ ಇರೋ ನಿಯಮ. ಹತ್ತರಲ್ಲಿ ಒಂದನ್ನ ಬಿಟ್ಟು ಲೆಕ್ಕ ಹಾಕೋದು ನನಗೆ ಅಭ್ಯಾಸ. ಈ ಓಣೀಲಿ ಹತ್ತು ಮನೆ ಇದೆ. ಯಾವ ಮನೆ ಬಿಟ್ಟು ಲೆಕ್ಕ ಹಾಕಲಿ, ನೀವೇ ಹೇಳಿ.”

ಎತ್ತಿಕೊಂಡವರು ಬಿಂದಿಗೆಯನ್ನು ಕೆಳಗಿಡುತ್ತಾರೆ. ಗಿಲೀಟಿನವನು ತಾಯಿಯ ಮುಖ ನೋಡಲಾರದೆ ರಾಟೆಯ ಕಡೆ ತಿರುಗಿ ನಿಲ್ಲುತ್ತಾನೆ. ಮೀನಕ್ಕ ಅಜ್ಜಿಯ ಕುರ್ಚಿಯ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂರುತ್ತಾರೆ.

“ಇನ್ನೊಂದು ಸಲ ನೋಡ್ತೀನಿ ಅಜ್ಜಿ. ಹೊಸ ಮರಿ ತಂದು, ಅವು ಒಗ್ಗೋಕೆ ಹದಿನೈದು ದಿನ ಬೇಕು. ಆಮೇಲೆ ನಾಲ್ಕು ದಿನ. ಹತ್ತಕ್ಕೆ ಹತ್ತೂ ಉಳಿದ್ರೆ ಮೊದಲನೇ ಚೆಂಬು ನಿಮಗೆ.”

ಅಜ್ಜಿ ಖಾಲಿ ಚೆಂಬಿನೊಳಗೆ ಒಮ್ಮೆ ನೋಡುತ್ತಾರೆ. ಆಮೇಲೆ ಬೆನ್ನು ತಿರುಗಿಸಿ ನಿಂತಿರುವ ಮಗನನ್ನು ನೋಡುತ್ತಾರೆ.

“ಅವಸರ ಮಾಡ್ಬೇಡ ತಾಯಿ,” ಎನ್ನುತ್ತಾರೆ. “ನನ್ನ ಮಗ ಕೆಡಿಸಿದ ನೀರು ಅದು. ಸರಿ ಆಗೋವರೆಗೂ ನಾನು ಎಲ್ಲಿಗೂ ಹೋಗಲ್ಲ.”